ವೇಳಾಪಟ್ಟಿಯಲ್ಲಿ ಸಂಗೀತಕ್ಕೊಂದು ಪಿರಿಯಡ್

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡಿನೊಳಗೆ ಹಾಡಬೇಕು ಎಂದು ರಾಜ್ಯ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು. ಅದಕ್ಕೆ ಮೊದಲು ಹಿರಿಯ ಗಾಯಕಿ ಎಚ್. ಆರ್. ಲೀಲಾವತಿ ಅವರ ನೇತೃತ್ವದ ಸಮಿತಿ ಧಾಟಿ ಮತ್ತು ಅವಧಿಯ ಬಗ್ಗೆ ಶಿಫಾರಸು ಕೊಟ್ಟಿತ್ತು. ಆದೇಶವನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಅದು ವಜಾ ಆಯಿತು. ಒಂದು ಹಾಡಿನ ಧಾಟಿಗಾಗಿ ಒಂದು ನಾಡು ಇಷ್ಟು ತಲೆ ಕೆಡಿಸಿಕೊಂಡದ್ದು ಸಂತೋಷದ ಸಂಗತಿ. ಹಾಡು ಹೇಗಿರಬೇಕು ಎಂಬುದು ಈ ನಾಡಿನವರಿಗೆ ಮುಖ್ಯ ಎಂದು ಅದರಿಂದ ಗೊತ್ತಾಗುತ್ತದೆ.

ಆದರೆ ಆ ಧಾಟಿಯನ್ನು ಮಕ್ಕಳಿಗೆ ಶ್ರುತಿ ಹಿಡಿದು ಹೇಳಿಕೊಡುವವರು ಯಾರು? ಈ ಉಪನ್ಯಾಸ ಹೊರಡುವುದು ಆ ಪ್ರಶ್ನೆಯಿಂದ. ನಮ್ಮ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರೆಂಬ ಹುದ್ದೆಯೇ ಇಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ದಿನದಲ್ಲಿ ಹಾಡಿಗೆ ಜಾಗವೂ ಇರುವುದಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಿಂತು ಈ ಮಾತು ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಸಂಗೀತದ ವಿಷಯದಲ್ಲಿ ಈ ಭಾಗ ಅಷ್ಟು ಶ್ರೀಮಂತ. ಕೆ. ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರಷ್ಟು ಹಳೆಯದು. ಬನಶಂಕರಿ ಎರಡನೇ ಹಂತದ ಶ್ರೀರಾಮ ಲಲಿತಕಲಾ ಮಂದಿರ 1955ರಿಂದ ಸಂಗೀತ ಕಲಿಸುತ್ತ, ಕಚೇರಿ ಏರ್ಪಡಿಸುತ್ತ ಬಂದಿದೆ. ಪಕ್ಕವಾದ್ಯವೆಂದು ಹಿಂದಕ್ಕೆ ಸರಿಸಲ್ಪಟ್ಟಿದ್ದ ಲಯವಾದ್ಯಗಳಿಗೇ ಮೀಸಲಾದ ಪರ್ಕಸಿವ್ ಆರ್ಟ್ಸ್ ಸೆಂಟರನ್ನು ಬೆಂಗಳೂರು ಕೆ. ವೆಂಕಟರಾಂ ಅವರು 1981ರಲ್ಲಿ ಕಟ್ಟಿದರು. ಜಯನಗರದ ನ್ಯಾಷನಲ್ ಕಾಲೇಜಿನ ಆವರಣದಲ್ಲಿ ಎಚ್. ನರಸಿಂಹಯ್ಯನವರ ಹೆಸರಿನ ಕಲಾಕ್ಷೇತ್ರವಿದೆ. ಜೆ. ಪಿ. ನಗರ ಏಳನೇ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗೀತಕ್ಕಾಗಿಯೇ ಕಟ್ಟಿದ ವಸ್ತುಸಂಗ್ರಹಾಲಯ. ಅದರ ಹೊರಗಿನ ನಾದೋದ್ಯಾನದಲ್ಲಿ ಮಕ್ಕಳು ಕಲ್ಲು, ಲೋಹ, ಮರಗಳನ್ನು ತಟ್ಟಿ ಮುಟ್ಟಿ ನಾದ ಹೊರಡಿಸಬಹುದು.

ಇವಿಷ್ಟೂ ಸಂಸ್ಥೆಗಳ ಮಾತು. ಸಂಜೆ ಐದರ ಮೇಲೆ ಜಯನಗರದ ಯಾವುದೇ ಬ್ಲಾಕಿನ ಅಡ್ಡರಸ್ತೆಗಳಲ್ಲಿ ನಡೆದರೆ ಮನೆಮನೆಯ ಪಾಠ ಕಿವಿಗೆ ಬೀಳುತ್ತದೆ. ಒಂದೆಡೆ ಸರಳೆ ವರಸೆ, ಇನ್ನೊಂದೆಡೆ ವೀಣೆ, ಮತ್ತೊಂದೆಡೆ ಕೀಬೋರ್ಡು. ‘ಜೂನಿಯರ್ ಆಯಿತು, ಸೀನಿಯರ್‌ಗೆ ಕಟ್ಟಿದ್ದಾಳೆ’ ಎಂಬ ಮಾತು ಇಲ್ಲಿನ ಮನೆಗಳಲ್ಲಿ ಏಳನೇ ಕ್ಲಾಸು, ಎಂಟನೇ ಕ್ಲಾಸು ಎಂಬಷ್ಟೇ ಸಹಜ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳ ಸರ್ಕಾರಿ ಪರೀಕ್ಷೆಗಳನ್ನು ದಶಕಗಳ ಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸಿತು. ಈಚೆಗೆ ಆ ಹೊಣೆ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯಕ್ಕೆ ಬಂದಿದೆ. ಅಂದರೆ ಸರ್ಕಾರ ಸಂಗೀತದಲ್ಲಿ ಪರೀಕ್ಷೆ ಮಾಡುತ್ತದೆ, ಪ್ರಮಾಣಪತ್ರ ಕೊಡುತ್ತದೆ. ಕಲಿಸುವ ಕೆಲಸವನ್ನು ಮಾತ್ರ ಬಹುಮಟ್ಟಿಗೆ ಮನೆಯವರ ಜೇಬಿಗೆ ಬಿಟ್ಟಿದೆ.

ತೊಂದರೆ ಇರುವುದು ಇಲ್ಲೇ. ಇದೇ ಬಡಾವಣೆಗಳ ಬೆನ್ನಿಗೆ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ, ಕಟ್ಟಡದ ಕೆಲಸ ಮಾಡುವ, ಮನೆಗೆಲಸಕ್ಕೆ ಬರುವ ತಾಯಂದಿರ ಮಕ್ಕಳಿದ್ದಾರೆ. ಬಿಟಿಎಂ ಲೇಔಟಿನ ಸುತ್ತಮುತ್ತ, ಬನಶಂಕರಿಯ ಹಿಂದಿನ ಬೀದಿಗಳಲ್ಲಿ ಅವರ ಮನೆಗಳು. ತಿಂಗಳ ಫೀಸು ಕೊಟ್ಟು ಗುರುಗಳ ಮನೆಗೆ ಕಳಿಸುವ ಶಕ್ತಿ ಅಲ್ಲಿಲ್ಲ, ಸಂಜೆ ಕರೆದೊಯ್ಯಲು ಬಿಡುವಿರುವವರೂ ಇಲ್ಲ. ಆ ಮಗುವಿಗೆ ಸಂಗೀತ ಸಿಗಬಹುದಾದ ಒಂದೇ ಜಾಗ ಶಾಲೆ. ಶಾಲೆಯಲ್ಲಿ ಸಿಗದಿದ್ದರೆ ಅದಕ್ಕೆ ಎಲ್ಲಿಯೂ ಸಿಗುವುದಿಲ್ಲ. ನೆರೆಯ ಸಭೆಗಳೂ ಕಚೇರಿಗಳೂ ಎಷ್ಟೇ ತುಂಬಿರಲಿ, ಆ ಮಗುವಿನ ಪಾಲಿಗೆ ಬಾಗಿಲು ಮುಚ್ಚಿಯೇ ಇರುತ್ತದೆ.

ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆದು ನೋಡಬೇಕು. ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರಿರಬೇಕೆಂದು ಅಲ್ಲಿ ಬರೆದಿದೆ. ಚಿತ್ರಕಲೆ, ಸಂಗೀತ, ನಾಟಕ ಎಲ್ಲವೂ ಆ ಒಂದೇ ‘ಕಲಾ ಶಿಕ್ಷಣ’ದೊಳಗೆ ಬರುತ್ತವೆ. ನೂರರೊಳಗಿನ ಶಾಲೆಗೆ ಆ ಕಡ್ಡಾಯವೂ ಇಲ್ಲ. ಒಂದರಿಂದ ಐದನೇ ತರಗತಿಗಂತೂ ಹಾಡು ಕಲಿಸುವವರ ಪ್ರಸ್ತಾಪವೇ ಇಲ್ಲ. ಕಿವಿ ಅತ್ಯಂತ ಚುರುಕಾಗಿರುವ ವಯಸ್ಸು ಅದೇ.

ನೀತಿಯ ಪುಟಗಳಲ್ಲಿ ಮಾತ್ರ ಒಳ್ಳೆಯ ಮಾತುಗಳಿಗೆ ಕೊರತೆಯಿಲ್ಲ. ಗಾಂಧೀಜಿಯವರ ನಯೀ ತಾಲೀಮಿನ ಯೋಜನೆಯನ್ನು ರೂಪಿಸಿದ ಜಾಕಿರ್ ಹುಸೇನ್ ಸಮಿತಿ ಆಗಲೇ ಸಂಗೀತವನ್ನು ಪಠ್ಯಕ್ರಮದೊಳಗೆ ಇಟ್ಟಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗಳನ್ನು ಅಂಚಿನಿಂದ ನಡುವಿಗೆ ತರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು. 2024ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾಂಸುರಿ’, ಆರನೇ ತರಗತಿಗೆ ‘ಕೃತಿ’ ಎಂಬ ಕಲಾ ಪಠ್ಯಪುಸ್ತಕಗಳನ್ನು ತಂದಿತು. ಪುಸ್ತಕ ಬಂದದ್ದು ಒಂದು ಹೆಜ್ಜೆ ಸರಿ. ಆದರೆ ಸಂಗೀತ ಪುಸ್ತಕದಿಂದ ಬರುವ ವಿದ್ಯೆಯಲ್ಲ, ಬಾಯಿಂದ ಕಿವಿಗೆ ಬರುವ ವಿದ್ಯೆ. ಹಾಡುವ ಮನುಷ್ಯರೊಬ್ಬರು ಎದುರಿಗಿರಬೇಕು.

ಕರ್ನಾಟಕಕ್ಕೆ ಇದು ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆಯಲ್ಲಿ ಹುಟ್ಟಿದ ‘ನಲಿ-ಕಲಿ’ ಹಾಡು, ಕುಣಿತ, ಆಟಗಳ ಮೂಲಕ ಅಕ್ಷರ ಕಲಿಸುವ ದಾರಿ ಹಿಡಿಯಿತು. ಅಲ್ಲಿಂದ ರಾಜ್ಯದ ಕೆಳತರಗತಿಗಳಿಗೆಲ್ಲ ಹಬ್ಬಿತು. ನಲಿ-ಕಲಿಯ ಕೋಣೆಯಲ್ಲಿ ಸಂಗೀತ ವಿದ್ವಾಂಸರಲ್ಲದ ಸಾಮಾನ್ಯ ಶಿಕ್ಷಕಿಯರೇ ಚಪ್ಪಾಳೆ ತಟ್ಟಿ ಹಾಡಿಸುತ್ತಾರೆ, ಮಕ್ಕಳು ಹಾಡುತ್ತಾರೆ. ನಾಲ್ಕನೇ ತರಗತಿಗೆ ಬರುತ್ತಲೇ ಆ ಹಾಡು ನಿಂತುಹೋಗುತ್ತದೆ. ಮತ್ತೆ ಶಾಲೆಗೆ ಸಂಗೀತದ ನೆನಪಾಗುವುದು ‘ಪ್ರತಿಭಾ ಕಾರಂಜಿ’ ಬಂದಾಗ. ಭಾವಗೀತೆ, ಜನಪದ ಗೀತೆ, ಕವ್ವಾಲಿ ಎಂದು ಸ್ಪರ್ಧೆಗಳ ಪಟ್ಟಿ ಬರುತ್ತದೆ; ‘ಯಾರಿಗೆ ಹಾಡಲು ಬರುತ್ತದೆ, ಕೈ ಎತ್ತಿ’ ಎಂದು ಮೇಷ್ಟ್ರು ಕೇಳುತ್ತಾರೆ. ಹೊರಗೆ ಎಲ್ಲೋ ಕಲಿತ ಒಂದಿಬ್ಬರ ಕೈ ಮೇಲೇಳುತ್ತದೆ, ಉಳಿದವರು ಚಪ್ಪಾಳೆ ತಟ್ಟುವವರಾಗುತ್ತಾರೆ. ಪ್ರತಿಭೆಯನ್ನು ಗುರುತಿಸುವ ಆ ಕಾರ್ಯಕ್ರಮ ಒಳ್ಳೆಯದೇ. ಆದರೆ ಕಲಿಸದೆ ಸ್ಪರ್ಧೆ ಇಟ್ಟರೆ ಅದು ಇರುವವರಿಗೇ ಮತ್ತಷ್ಟು ಕೊಡುತ್ತದೆ.

ಸಂಗೀತವನ್ನು ಶಾಲೆಗೆ ತರಬೇಕೆನ್ನುವವರು ಸಾಮಾನ್ಯವಾಗಿ ಒಂದು ವಾದ ಹೂಡುತ್ತಾರೆ: ಹಾಡು ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ, ಬುದ್ಧಿ ಬೆಳೆಯುತ್ತದೆ. ಈ ವಾದದ ಚರಿತ್ರೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಬಂತು. ಮೂವತ್ತಾರು ಕಾಲೇಜು ವಿದ್ಯಾರ್ಥಿಗಳು ಮೊಜಾರ್ಟನ ಸಂಗೀತವನ್ನು ಹತ್ತು ನಿಮಿಷ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಹೆಚ್ಚು ಅಂಕ ಪಡೆದರು ಎಂಬುದಷ್ಟೇ ಅದರ ಸಾರ. ಅದು ‘ಮೊಜಾರ್ಟ್ ಪರಿಣಾಮ’ವೆಂದು ಲೋಕಪ್ರಸಿದ್ಧವಾಗಿ, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ನವಜಾತ ಶಿಶುಗಳಿಗೆ ಸಂಗೀತದ ಧ್ವನಿಮುದ್ರಿಕೆ ಹಂಚಲು ಹಣ ಕೇಳುವವರೆಗೂ ಹೋಯಿತು. 2004ರಲ್ಲಿ ಕೆನಡಾದ ಗ್ಲೆನ್ ಷೆಲೆನ್‌ಬರ್ಗ್ 144 ಮಕ್ಕಳನ್ನು ನಾಲ್ಕು ಗುಂಪು ಮಾಡಿ ಒಂದು ವರ್ಷ ನೋಡಿದರು. ಸಂಗೀತ ಕಲಿತವರ ಬುದ್ಧಿಮತ್ತೆಯ ಅಂಕ ತುಸು ಹೆಚ್ಚಿತ್ತು. ಬೆರೆತು ಬಾಳುವ ಗುಣದಲ್ಲಿ ಮುಂದಿದ್ದವರು ನಾಟಕ ಕಲಿತವರು. ನಂತರ ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ ಸಂಶೋಧಕರು ಆ ಲಾಭವನ್ನೂ ಬಲವಾಗಿ ಪ್ರಶ್ನಿಸಿದ್ದಾರೆ.

ಹಾಗಾಗಿ ಅಂಕದ ಆಸೆ ತೋರಿಸಿ ಸಂಗೀತವನ್ನು ಶಾಲೆಯೊಳಗೆ ತರುವುದು ಬೇಡ. ಗಣಿತ ಕಲಿಯಲು ಗಣಿತವನ್ನೇ ಕಲಿಸಬೇಕು. ಸಂಗೀತ ಬೇಕಾದದ್ದು ಸಂಗೀತಕ್ಕಾಗಿ. ನಲವತ್ತು ಮಕ್ಕಳು ಒಂದೇ ಶ್ರುತಿಗೆ ಬರಲು ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು, ತನ್ನ ದನಿಯನ್ನು ಹತೋಟಿಯಲ್ಲಿಡಬೇಕು, ಮುಂದೆ ಓಡದೆ ಹಿಂದೆ ಬೀಳದೆ ಜೊತೆಗೆ ನಡೆಯಬೇಕು. ಸೋಲು ಗೆಲುವಿನ ಲೆಕ್ಕವಿಲ್ಲದೆ ಇಡೀ ತರಗತಿ ಹೀಗೆ ಒಂದಾಗುವ ಸಂದರ್ಭ ಶಾಲೆಯಲ್ಲಿ ಬೇರೆ ಎಷ್ಟಿದೆ?

ಹಂಗೇರಿಯ ಸಂಗೀತಗಾರ ಜೊಲ್ತಾನ್ ಕೊಡಾಯ್ ಇದನ್ನು ಮಾಡಿ ತೋರಿಸಿದರು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇಟ್‌ನಲ್ಲಿ ನಿತ್ಯ ಹಾಡು ಕಲಿಸುವ ಪ್ರಾಥಮಿಕ ಶಾಲೆ ಶುರುವಾಯಿತು. ದುಬಾರಿ ವಾದ್ಯಗಳ ಹಂಗಿಲ್ಲದೆ ಮಗುವಿನ ಕಂಠವೇ ಮೊದಲ ವಾದ್ಯ, ಊರಿನ ಜನಪದ ಹಾಡೇ ಮೊದಲ ಪಾಠ ಎಂಬುದು ಅವರ ನಿಲುವು. ಕನ್ನಡಿಗರು ಇದನ್ನು ಕೇಳಿದರೆ ಪಂಜೆ ಮಂಗೇಶರಾಯರು ನೆನಪಾಗಬೇಕು. ಮೇಷ್ಟರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲೂ ಕೊಡಗಿನಲ್ಲೂ ದುಡಿದ ಅವರು ಮಕ್ಕಳು ಹಾಡಿ ಕುಣಿಯಲೆಂದೇ ಪದ್ಯ ಕಟ್ಟಿದರು. ಅವರ ‘ಹಾವಿನ ಹಾಡು’ ನೂರಾರು ಶಾಲೆಗಳಲ್ಲಿ ರಾಗವಾಗಿ ಉಳಿಯಿತು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳೂ ಹಾಗೆಯೇ ಮಕ್ಕಳ ಬಾಯಲ್ಲಿ ಬೆಳೆದವು.

ಕಲಿಸುವ ಕ್ರಮಕ್ಕೂ ದೂರ ಹೋಗಬೇಕಾಗಿಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ ಎಂಬ ಅಭ್ಯಾಸಕ್ರಮವನ್ನು ಪರಂಪರೆ ಪುರಂದರದಾಸರ ಹೆಸರಿಗೆ ಕೊಟ್ಟಿದೆ. ಆದಿತಾಳವನ್ನೇ ತೆಗೆದುಕೊಳ್ಳಿ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಬಾರಿ ಪೆಟ್ಟು ಮತ್ತು ಹುಸಿ, ಒಟ್ಟು ಎಂಟು ಅಕ್ಷರ. ಅದೇ ಸ್ವರಪಂಕ್ತಿಯನ್ನು ಮೊದಲ ಕಾಲ, ಎರಡನೆಯ ಕಾಲ, ಮೂರನೆಯ ಕಾಲದಲ್ಲಿ ಹಾಡಿಸಿದರೆ ವೇಗ ಇಮ್ಮಡಿಯಾಗುವುದನ್ನು ಮಗು ತನ್ನ ಕೈಯಲ್ಲೇ ಅನುಭವಿಸುತ್ತದೆ. ಇದಕ್ಕೆ ಬೇಕಾದದ್ದು ಒಂದು ಶ್ರುತಿಪೆಟ್ಟಿಗೆ, ಅದೂ ಇಲ್ಲದಿದ್ದರೆ ಮೊಬೈಲಿನ ತಂಬೂರಿ.

ನಮ್ಮದೇ ನಾಡಿನಲ್ಲಿ ಇದಕ್ಕಿಂತ ದೊಡ್ಡ ಸಾಹಸಗಳು ನಡೆದಿವೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಗದಗಿನಲ್ಲಿ ಕಟ್ಟಿದ ವೀರೇಶ್ವರ ಪುಣ್ಯಾಶ್ರಮ, ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿಯ ಜೊತೆ ಸಂಗೀತ ಕೊಟ್ಟಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಮುಚ್ಚುವವರೆಗೂ ಅದನ್ನು ನಡೆಸಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಬಳಿ ಕಲಿತವರು, ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಬಳಿ ಆಶ್ರಮದಲ್ಲೇ ಬೆಳೆದವರು. ಕರಾವಳಿಗೆ ಹೋದರೆ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಸುತ್ತಲಿನ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತದೆ. ವರ್ಷದ ಕೊನೆಗೆ ಆ ಮಕ್ಕಳೇ ವೇಷ ಕಟ್ಟಿ ಊರಿನ ಮುಂದೆ ಆಡುತ್ತಾರೆ. ಊರಿನ ಕಲೆ, ಊರಿನ ಗುರು, ಊರಿನ ಶಾಲೆ ಮೂರೂ ಅಲ್ಲಿ ಕೈ ಜೋಡಿಸಿವೆ.

‘ಯಾವ ಸಂಗೀತ ಕಲಿಸುವುದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು. ತರಗತಿಯಲ್ಲಿ ಎಲ್ಲ ಜಾತಿ, ಮತ, ಭಾಷೆಗಳ ಮಕ್ಕಳಿರುತ್ತಾರೆ. ಒಂದು ಮನೆತನದ ಪೂಜಾಕೋಣೆಯ ಹಾಡನ್ನೇ ಎಲ್ಲರ ಪಾಠವಾಗಿಸುವುದು ತಪ್ಪು. ಆದರೆ ಕನ್ನಡದ ಹಾಡಿನ ಕಣಜ ಅಷ್ಟು ಇಕ್ಕಟ್ಟಾಗಿಲ್ಲ. ಬೀಸುವ ಪದ, ಕೋಲಾಟದ ಪದ, ವಚನ, ಕೀರ್ತನೆ, ಭಾವಗೀತೆ ಎಲ್ಲ ಇವೆ. ಮುಸ್ಲಿಂ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ ತತ್ವಪದಗಳಿವೆ. ಬಿಟಿಎಂ ಲೇಔಟಿನ ತರಗತಿಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವ ಮಗು ತನ್ನ ಅಜ್ಜಿಯ ಹಾಡೊಂದನ್ನು ತಂದರೆ ಅದಕ್ಕೂ ಜಾಗವಿರಬೇಕು.

ಆಗಬೇಕಾದದ್ದು ದೊಡ್ಡ ಪಟ್ಟಿಯೇನಲ್ಲ. ಒಂದರಿಂದ ಎಂಟನೇ ತರಗತಿಯವರೆಗೆ ವಾರಕ್ಕೆ ಎರಡು ಪಿರಿಯಡ್ ಸಂಗೀತಕ್ಕೆಂದು ವೇಳಾಪಟ್ಟಿಯಲ್ಲಿ ಬರೆಯಬೇಕು, ಪೋರ್ಷನ್ ಮುಗಿಸುವ ನೆಪದಲ್ಲಿ ಅದನ್ನು ಬೇರೆ ವಿಷಯಕ್ಕೆ ಕೊಡಬಾರದು. ಅಂಕ ಬೇಡ, ರ್‍ಯಾಂಕ್ ಬೇಡ. ಎಲ್ಲರೂ ಹಾಡಬೇಕು, ‘ಕಂಠ ಇಲ್ಲ’ ಎಂದು ಯಾರನ್ನೂ ಹಿಂದೆ ಕೂರಿಸಬಾರದು. ಡಿ.ಇಎಲ್.ಇಡಿ. ತರಬೇತಿಯಲ್ಲೇ ಭಾವೀ ಶಿಕ್ಷಕರಿಗೆ ಇಪ್ಪತ್ತು ಮೂವತ್ತು ಹಾಡುಗಳನ್ನು ಶ್ರುತಿಬದ್ಧವಾಗಿ ಹಾಡಿಸಲು ಕಲಿಸಬೇಕು. ಮೇಲಿನ ತರಗತಿಗಳಿಗೆ ಕಾಯ್ದೆಯೇ ಹೇಳಿರುವ ಅರೆಕಾಲಿಕ ಬೋಧಕರ ಹುದ್ದೆ ತುಂಬಬೇಕು. ವಿದ್ವತ್ ಪಾಸು ಮಾಡಿ ಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತಿರುವವರು ಜಯನಗರ, ಜೆ. ಪಿ. ನಗರ, ಬನಶಂಕರಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಗೌರವದ ಸಂಭಾವನೆ ಕೊಟ್ಟು ಕರೆದರೆ ಶಾಲೆಗೆ ನಡೆದೇ ಬರಬಲ್ಲರು.

ಸರ್ಕಾರ ಮಾಡುವವರೆಗೆ ಕಾಯುವ ಅಗತ್ಯವೂ ಇಲ್ಲ. ಸಂಗೀತೋತ್ಸವ ನಡೆಸುವ ಪ್ರತಿಯೊಂದು ಸಭೆಯೂ ತನ್ನ ಸಮೀಪದ ಒಂದು ಸರ್ಕಾರಿ ಶಾಲೆಯನ್ನು ವಹಿಸಿಕೊಂಡು, ವರ್ಷಪೂರ್ತಿ ಒಬ್ಬ ಶಿಕ್ಷಕರ ಸಂಬಳ ಕೊಡಲಿ. ವರ್ಷದ ಕೊನೆಗೆ ತನ್ನ ವೇದಿಕೆಯ ಒಂದು ಸಂಜೆಯನ್ನು ಆ ಮಕ್ಕಳ ಸಮೂಹಗಾನಕ್ಕೆ ಬಿಟ್ಟುಕೊಡಲಿ. ಇಲ್ಲಿ ಕೂತಿರುವ ತಂದೆ ತಾಯಂದಿರು ಮುಂದಿನ ಪಾಲಕರ ಸಭೆಗೋ ಎಸ್‌ಡಿಎಂಸಿ ಸಭೆಗೋ ಹೋದಾಗ ಫಲಿತಾಂಶದ ಜೊತೆಗೆ ವೇಳಾಪಟ್ಟಿಯನ್ನೂ ತರಿಸಿ ನೋಡಲಿ. ಅದರಲ್ಲಿ ಸಂಗೀತದ ಪಿರಿಯಡ್ ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಲಿ, ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಅದನ್ನು ಸೇರಿಸುವವರೆಗೂ ಕೇಳುತ್ತಲೇ ಇರಲಿ.