ಪೊಲೀಸ್ ಪುಸ್ತಕದ ಹೆಸರುಗಳು
(ಶತಮಾನೋತ್ಸವ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಈ ಸಭೆಯಲ್ಲಿ ಹೊಗಳಿಕೆಯ ಮಾತುಗಳು ಸಾಕಷ್ಟು ಆಗಿವೆ. ನಾನು ಬೇರೊಂದು ವಿಷಯವನ್ನು ಪ್ರಸ್ತಾಪಿಸಲು ತಮ್ಮ ಅಪ್ಪಣೆ ಬೇಡುತ್ತೇನೆ.

1550ರಲ್ಲಿ ಸ್ಪೇನಿನ ವಯ್ಯಾದೋಲಿದ್ ನಗರದಲ್ಲಿ ಪಂಡಿತರ ಸಭೆಯೊಂದು ಕೂಡಿತು. ಅಮೆರಿಕದ ಮೂಲನಿವಾಸಿಗಳ ಮೇಲೆ ಯುದ್ಧ ಹೂಡಿ ಅವರನ್ನು ಅಧೀನಪಡಿಸಿಕೊಳ್ಳುವುದು ನ್ಯಾಯವೇ ಎಂಬುದು ಚರ್ಚೆ. ಸೆಪುಲ್ವೆದನೆಂಬ ವಿದ್ವಾಂಸನು ಅರಿಸ್ಟಾಟಲನ ಆಧಾರದಿಂದ, ಕೆಲವರು ಸ್ವಭಾವತಃ ದಾಸರು ಎಂದು ವಾದಿಸಿದನು. ಡೊಮಿನಿಕನ್ ಸಭೆಯ ಧರ್ಮಾಧ್ಯಕ್ಷ ಲಾಸ್ ಕಾಸಾಸರು ಅದನ್ನು ಖಂಡಿಸಿದರು. ಆ ಜನರು ನಿಜವಾದ ಮನುಷ್ಯರು, ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಕೂಡದು ಎಂದು ಜಗದ್ಗುರು ಮೂರನೆಯ ಪೌಲರು 1537ರಲ್ಲಿಯೇ ಸಾರಿದ್ದರು. ಇಷ್ಟನ್ನೇ ಹೇಳಿ ಹೆಮ್ಮೆಪಡುವುದು ಸುಲಭ. ಆದರೆ 1455ರಲ್ಲಿ ಐದನೆಯ ನಿಕೊಲಾಸರು ಆಫ್ರಿಕದವರನ್ನು ದಾಸರನ್ನಾಗಿಸಲು ಪೋರ್ತುಗಲ್ಲಿನ ಅರಸನಿಗೆ ಅನುಮತಿಯಿತ್ತಿದ್ದರು. ಲಾಸ್ ಕಾಸಾಸರೂ ಮೊದಲು ಆಫ್ರಿಕದ ದಾಸರನ್ನು ತರಿಸಲು ಸಲಹೆಯಿತ್ತು, ಅನಂತರ ಪಶ್ಚಾತ್ತಾಪಪಟ್ಟರು. ಅಂಥ ಹಳೆಯ ಶಾಸನಗಳ ಮೇಲೆ ಕಟ್ಟಿದ ಸಿದ್ಧಾಂತವನ್ನು ವ್ಯಾಟಿಕನ್ ಬಹಿರಂಗವಾಗಿ ತಳ್ಳಿಹಾಕಿದ್ದು 2023ರಲ್ಲಿ!

ಸ್ಪೇನ್ ದೂರವಾಯಿತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ತಾವೆಲ್ಲ ಬಲ್ಲಿರಿ. 1739ರಲ್ಲಿ ಸಂತ ಸೇವಾಲಾಲರು ಜನಿಸಿದ ಸ್ಥಳವೆಂದು ಲಂಬಾಣಿ ಜನರು ಫೆಬ್ರವರಿಯಲ್ಲಿ ಮಾಲೆ ಧರಿಸಿ ಅಲ್ಲಿಗೆ ಬರುತ್ತಾರೆ. ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಯ ತಾಂಡಗಳಿಂದಲೂ ಬರುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ದೇಶವನ್ನೆಲ್ಲ ಸಾಕಿದವರು ಇವರ ಪೂರ್ವಿಕರು. ಟಿಪ್ಪುವಿನೊಡನೆ ಕಾದಾಡಿದ ಇಂಗ್ಲಿಷ್ ಸೈನ್ಯವೂ ಇವರ ಧಾನ್ಯವನ್ನೇ ಉಂಡಿತು. ರೈಲು ಬಂದು ಆ ಕಸುಬು ಅಳಿಯಿತು. ಅಲೆಯುವವರೆಲ್ಲ ಕಳ್ಳರೆಂಬ ಶಂಕೆ ಉಳಿಯಿತು.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಆ ಶಂಕೆಗೆ ಮುದ್ರೆಯೊತ್ತಿತು. 1911ರಲ್ಲಿ ಅದು ಬ್ರಿಟಿಷ್ ಇಂಡಿಯಾಕ್ಕೆಲ್ಲ ವಿಸ್ತರಿಸಿತು. ಕೊರಮ, ಕೊರಚ, ಹರಣಶಿಕಾರಿ, ಅಲ್ಲಲ್ಲಿ ಲಂಬಾಣಿ ಗುಂಪುಗಳೂ ಅದರಡಿ ಬಂದವು. ಹಾಜರಿ ಕೊಡಬೇಕು, ಅಪ್ಪಣೆಚೀಟಿ ಇಲ್ಲದೆ ಊರು ಬಿಡಕೂಡದು. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಅವರಿಗಾಗಿ ಸೆಟ್ಲ್‌ಮೆಂಟುಗಳೆದ್ದವು. ವಯ್ಯಾದೋಲಿದಿನಲ್ಲಿ ವಾದವಾದರೂ ನಡೆಯಿತು. ಇಲ್ಲಿ ಸರ್ಕಾರದ ಘೋಷಣೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರುವಂತೆಯೂ ಇರಲಿಲ್ಲ. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು.

ಗುರುಮಠದಲ್ಲಿ ಲಾಸ್ ಕಾಸಾಸರನ್ನು ಓದಿ ಬಂದ ನಾನು, ಮೊದಲ ಧರ್ಮಕೇಂದ್ರದಲ್ಲಿ ಒಂದು ಸಂಜೆ ತಾಂಡದ ಹೆಂಗಸೊಬ್ಬಳು ಅಂಗಳಕ್ಕೆ ಬಂದಾಗ, ಹಿರಿಯರೊಬ್ಬರ ಮಾತು ಕೇಳಿ ಪೂಜಾಪಾತ್ರೆಗಳ ಕೋಣೆಗೆ ಬೀಗ ಹಾಕಿದೆನು. ಬೀಗದ ಸದ್ದು ಅವಳಿಗೆ ಕೇಳಿಸಿತು. ಜ್ವರ ಬಂದ ಮಗುವಿಗಾಗಿ ಪ್ರಾರ್ಥನೆ ಕೇಳಲು ಬಂದಿದ್ದಳಂತೆ, ಕೇಳದೆಯೇ ಹಿಂತಿರುಗಿದಳು. ಎರಡು ದಿನದ ಮೇಲೆ ತಾಂಡಕ್ಕೆ ಹೋದೆನು. ಮನೆಯವರೆಲ್ಲ ಕಬ್ಬು ಕಡಿಯಲು ಹೊರಟುಹೋಗಿದ್ದರು.