ದೂರು ಊರಿನಲ್ಲಿಯೇ ನಿಲ್ಲದಿರಲಿ: ಕೆಲಸದ ಸ್ಥಳದ ಕಿರುಕುಳ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕಿರುಕುಳಕ್ಕೆ ಒಳಗಾದ ಮಹಿಳೆಯರ ರಕ್ಷಣೆಗೆ ಕಾನೂನು ಇನ್ನಷ್ಟು ಬಲಗೊಳ್ಳಬೇಕೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಇರುವ ಕಾನೂನೇ ಹಳ್ಳಿಯ ಮಹಿಳೆಯನ್ನು ತಲುಪದಿದ್ದರೆ ಹೊಸ ಕಲಮುಗಳಿಂದ ಆಕೆಗೆ ಪ್ರಯೋಜನವಾಗದು. ಕಾನೂನಿಗೂ ಆಕೆಗೂ ನಡುವೆ ಇರುವ ಮೊದಲ ಮೆಟ್ಟಿಲು ಗ್ರಾಮ ಪಂಚಾಯಿತಿ.

ಈ ಕಾನೂನಿನ ಬೇರು ಇರುವುದೂ ಹಳ್ಳಿಯಲ್ಲಿಯೇ. 1992ರಲ್ಲಿ ರಾಜಸ್ಥಾನದ ಗ್ರಾಮವೊಂದರಲ್ಲಿ ಬಾಲ್ಯವಿವಾಹ ತಡೆಯಲು ಮುಂದಾದ ಸರ್ಕಾರಿ ಯೋಜನೆಯ ಕಾರ್ಯಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ನೀಡಿತು. ಆ ಮಾರ್ಗಸೂಚಿಗಳು ಮುಂದೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಅಧಿನಿಯಮವಾಗಿ ರೂಪುಗೊಂಡು 2013ರ ಡಿಸೆಂಬರ್ 9ರಂದು ಜಾರಿಗೆ ಬಂದವು.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೆ ಇದು ಅನ್ವಯಿಸುತ್ತದೆ. ಮಾಲೀಕರು ಒದಗಿಸಿದ ವಾಹನದಲ್ಲಿ ಕೆಲಸಕ್ಕಾಗಿ ಮಾಡುವ ಪ್ರಯಾಣವೂ ಕೆಲಸದ ಸ್ಥಳವೆಂದೇ ಪರಿಗಣಿತವಾಗುತ್ತದೆ. ಆದರೆ ಗುಬ್ಬಿಯ ತೋಟದಲ್ಲಿ ಅಡಿಕೆ ಸುಲಿಯುವ, ಕುಣಿಗಲ್ಲಿನ ಸಣ್ಣ ಅಂಗಡಿಯಲ್ಲಿ ದುಡಿಯುವ, ತುಮಕೂರು ನಗರದಲ್ಲಿ ಮನೆಗೆಲಸ ಮಾಡುವ ಮಹಿಳೆಗೆ ಇಂತಹ ಸಮಿತಿ ಎಲ್ಲಿದೆ? ಆಕೆಗಾಗಿಯೇ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯನ್ನು ಕಾನೂನು ವಿಧಿಸಿದೆ. ಮಾಲೀಕರ ವಿರುದ್ಧವೇ ದೂರಿದ್ದರೂ ಅದು ಈ ಸಮಿತಿಗೆ ಹೋಗುತ್ತದೆ. ಪ್ರತಿ ಜಿಲ್ಲೆಯಲ್ಲಿ 2025ರ ಜನವರಿ 31ರೊಳಗೆ ಸ್ಥಳೀಯ ಸಮಿತಿ ರಚನೆಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 3ರಂದು ಆದೇಶಿಸಿತು.

ದೂರು ನೀಡಲು ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗಿಲ್ಲ. ತಾಲ್ಲೂಕಿನ ನೋಡಲ್ ಅಧಿಕಾರಿಯು ದೂರು ಸ್ವೀಕರಿಸಿ ಏಳು ದಿನಗಳೊಳಗೆ ಸಮಿತಿಗೆ ಕಳುಹಿಸಬೇಕು. ಬರೆಯಲು ಬಾರದವರಿಗೆ ಸಮಿತಿಯೇ ನೆರವಾಗಬೇಕು. ಸ್ವತಃ ದೂರು ನೀಡಲು ಆಗದವರ ಪರವಾಗಿ, ಅವರ ಲಿಖಿತ ಒಪ್ಪಿಗೆಯೊಂದಿಗೆ, ಘಟನೆ ಬಲ್ಲವರು ದೂರು ಸಲ್ಲಿಸಬಹುದು. ಗ್ರಾಮ ಪಂಚಾಯಿತಿ ಸದಸ್ಯರಿಗೂ ಈ ಅವಕಾಶವಿದೆ.

ಕಾಲಮಿತಿಯ ಬಗ್ಗೆ ಎಚ್ಚರ ಅಗತ್ಯ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಸಲ್ಲಬೇಕು; ತಕ್ಕ ಕಾರಣವಿದ್ದರೆ ಸಮಿತಿಯು ಇನ್ನು ಮೂರು ತಿಂಗಳು ವಿಸ್ತರಿಸಬಹುದು. "ಅಡಿಕೆ ಸುಲಿತ ಮುಗಿಯಲಿ, ಆಮೇಲೆ ನೋಡೋಣ" ಎಂಬ ಒಂದು ಮಾತಿನಿಂದಲೇ ಹಕ್ಕು ಕೈತಪ್ಪಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆ ಅವಧಿಯಲ್ಲಿ ಮಹಿಳೆಯು ವರ್ಗಾವಣೆ ಅಥವಾ ಮೂರು ತಿಂಗಳವರೆಗಿನ ರಜೆ ಕೋರಬಹುದು. ಪೊಲೀಸರಿಗೆ ದೂರು ನೀಡುವ ಹಕ್ಕು ಇದರಿಂದ ಕುಂದುವುದಿಲ್ಲ.

ಊರಿನ ಹಿರಿಯರು ಕೂಡಿ ಒಂದಿಷ್ಟು ಹಣ ಕೊಡಿಸಿ ರಾಜಿ ಮಾಡಿಸುವುದು ಎಷ್ಟೋ ಕಡೆ ಸದುದ್ದೇಶದಿಂದಲೇ ನಡೆಯುತ್ತದೆ. ಆದರೆ ಕಾನೂನಿನಲ್ಲಿ ಸಂಧಾನಕ್ಕೆ ಅವಕಾಶವಿರುವುದು ಮಹಿಳೆಯೇ ಕೋರಿದಾಗ, ಅದೂ ಸಮಿತಿಯ ಮೂಲಕ, ವಿಚಾರಣೆ ಆರಂಭವಾಗುವ ಮುನ್ನ ಮಾತ್ರ. ಹಣವು ಅದರ ಆಧಾರವಾಗಕೂಡದು. ಪಂಚಾಯಿತಿ ಕಟ್ಟೆಯ ರಾಜಿಯಿಂದ ಊರಿನ ಮಾನ ಉಳಿದಂತೆ ತೋರಬಹುದು. ನೊಂದವಳು ಮಾತ್ರ ಮರುದಿನ ಅದೇ ಮೇಸ್ತ್ರಿಯ ಕೈಕೆಳಗೆ ದುಡಿಯಬೇಕಾಗುತ್ತದೆ. ದೂರುದಾರಳ ಹೆಸರು, ವಿಳಾಸ, ದೂರಿನ ವಿವರ ಯಾವುದನ್ನೂ ಬಹಿರಂಗಪಡಿಸುವಂತಿಲ್ಲ. ಆದ್ದರಿಂದ ಗ್ರಾಮಸಭೆಯಲ್ಲಿ ಇಂತಹ ದೂರಿನ ಚರ್ಚೆ ಸಲ್ಲದು. ಸಾಕ್ಷ್ಯ ಸಾಲದೆ ದೂರು ಸಾಬೀತಾಗದಿದ್ದರೆ, ಅಷ್ಟರಿಂದಲೇ ಅದು ಸುಳ್ಳು ದೂರಾಗದು ಎಂಬುದನ್ನೂ ನೆನಪಿಡಬೇಕು.

ಪ್ರತಿ ಪಂಚಾಯಿತಿಯು ಕೈಗೊಳ್ಳಬಹುದಾದ ಕೆಲಸಗಳು ಸರಳವಾಗಿವೆ. ತಾಲ್ಲೂಕು ನೋಡಲ್ ಅಧಿಕಾರಿಯ ಹೆಸರು ಹಾಗೂ ದೂರವಾಣಿ ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಅಂಗನವಾಡಿ ಮತ್ತು ಬಸ್ ತಂಗುದಾಣದಲ್ಲಿ ಬರೆಸುವುದು. ಮಹಿಳಾ ಸಹಾಯವಾಣಿ 181, ತುರ್ತು ಸೇವೆ 112, ಕಾನೂನು ನೆರವಿನ 15100 ಸಂಖ್ಯೆಗಳನ್ನು ಜೊತೆಗೆ ಸೇರಿಸುವುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆಂದು ಮಹಿಳಾ ಗ್ರಾಮಸಭೆಯಲ್ಲಿ ತಿಳಿಸುವುದು. ಪಂಚಾಯಿತಿಯಲ್ಲಿಯೇ ಹತ್ತು ಮಂದಿ ನೌಕರರಿದ್ದರೆ ಮೊದಲು ಅಲ್ಲಿ ಆಂತರಿಕ ಸಮಿತಿ ರಚಿಸುವುದು.

ನೊಂದ ಮಹಿಳೆ ಮೊದಲು ಬಂದು ಹೇಳಿಕೊಳ್ಳುವುದು ಬಹುಮಟ್ಟಿಗೆ ಪರಿಚಿತ ಸದಸ್ಯೆಯ ಬಳಿ. ಆ ಸದಸ್ಯೆ ತೀರ್ಪು ನೀಡಬೇಕಾಗಿಲ್ಲ. ಗುಟ್ಟು ಕಾಪಾಡಿ, ದಿನಾಂಕ ಗುರುತಿಸಿಕೊಂಡು, ದೂರನ್ನು ತಾಲ್ಲೂಕಿಗೆ ತಲುಪಿಸಿದರೆ ಸಾಕು. ಕಾನೂನಿನ ಬಲವರ್ಧನೆ ಅಲ್ಲಿಂದಲೇ ಆರಂಭವಾಗುತ್ತದೆ.