ಕಾಯಕದ ಮನೆಯಲ್ಲಿ ಹಿರಿಯನಾದವನು



ಮಹೋತ್ಸವದ ಸಭೆಗಳಲ್ಲಿ ದೊಡ್ಡವರ ದೊಡ್ಡ ಕಾರ್ಯಗಳನ್ನು ಕೊಂಡಾಡುವುದು ವಾಡಿಕೆ. ಆದರೆ ಲೋಕದ ನಿತ್ಯದ ಕೆಲಸವು ನಡೆಯುತ್ತಿರುವುದು ಬಹುಮಟ್ಟಿಗೆ ಹೆಸರು ಕಾಣದ ಹಿರಿಯರಿಂದ. ಹತ್ತು ಮಂದಿ ಗುಮಾಸ್ತರಿರುವ ಕಚೇರಿಗೆ ಒಬ್ಬ ಮುಖ್ಯಾಧಿಕಾರಿ, ಪಾಠಶಾಲೆಗೆ ಒಬ್ಬ ಮುಖ್ಯೋಪಾಧ್ಯಾಯ, ಗಿರಣಿಗೆ ಒಬ್ಬ ಮೇಸ್ತ್ರಿ, ಸಹಕಾರಿ ಸಂಘಕ್ಕೆ ಒಬ್ಬ ಅಧ್ಯಕ್ಷ, ಪ್ರಸಾದನಿಲಯಕ್ಕೆ ಒಬ್ಬ ವ್ಯವಸ್ಥಾಪಕ ಇದ್ದೇ ಇರುತ್ತಾರೆ. ಇವರಲ್ಲಿ ಒಬ್ಬೊಬ್ಬರ ಕೈಕೆಳಗೂ ಕೆಲವು ಜೀವಗಳ ದಿನಗಳು ನಡೆಯುತ್ತವೆ. ಹಿರಿಯನು ಸತ್ಯವಂತನಾದರೆ ಆ ಮನೆಯ ಕೆಲಸವು ಹಸನಾಗುವುದು. ಅವನು ಸಡಿಲನಾದರೆ ಒಳ್ಳೆಯವರೂ ಸಡಿಲರಾಗುವರು. ಆದಕಾರಣ ಇಂಥ ಹಿರಿಯನು ತನ್ನ ಸಾಮರ್ಥ್ಯವನ್ನು ಬೆಳೆಸಿಕೊಳ್ಳುವುದು ಹೇಗೆ, ಪ್ರಾಮಾಣಿಕತೆಯನ್ನು ಕಾಯ್ದುಕೊಳ್ಳುವುದು ಹೇಗೆ ಎಂಬುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಹಿರಿಯನ ಬಲವು ಅವನ ಅಪ್ಪಣೆಯಲ್ಲಿದೆಯೆಂದು ಲೋಕದ ಭಾವನೆ. ಅವನು ಹೇಳಬೇಕು, ಉಳಿದವರು ಮಾಡಬೇಕು. ಅವನು ತಿದ್ದಬೇಕು, ಉಳಿದವರು ತಿದ್ದಿಸಿಕೊಳ್ಳಬೇಕು ಎಂದು ಜನರು ತಿಳಿದಿರುತ್ತಾರೆ. ಇದು ಅರ್ಧ ಸತ್ಯ. ಉಳಿದರ್ಧವೇನೆಂದರೆ, ತನ್ನನ್ನು ತಿದ್ದುವವರಿಲ್ಲದ ಹಿರಿಯನು ದಿನದಿನಕ್ಕೆ ದುರ್ಬಲನಾಗುತ್ತಾನೆ. ಅವನ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಅವನ ಕಿವಿಗೆ ಮಾತ್ರ ಬೀಳುವುದಿಲ್ಲ. ಕೆಳಗಿನವನೊಬ್ಬನು ಭಯವಿಲ್ಲದೆ ಬಂದು, "ಅಯ್ಯಾ, ಇದು ಸರಿಯಲ್ಲ" ಎಂದು ಹೇಳುವುದಕ್ಕೆ ಎಡೆಯುಂಟಾದ ಕಡೆಯಲ್ಲಿಯೇ ಹಿರಿತನವು ಗಟ್ಟಿಯಾಗಿ ನಿಲ್ಲುವುದು. ಇದನ್ನು 12ನೆಯ ಶತಮಾನದ ಶರಣರ ಕಾಯಕಜೀವನವು ಹಲವು ಬಗೆಯಲ್ಲಿ ತೋರಿಸಿಕೊಟ್ಟಿದೆ.

ಮೊದಲನೆಯ ಮಾತು ಅಳತೆಯದು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿಯ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯು ಸದ್ಭಕ್ತರಿಗೆಲ್ಲ ವಿದಿತವೇ ಆಗಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಈ ದಿನಕ್ಕೆ ಬೇಕಾದುದಕ್ಕಿಂತ ಅಧಿಕವಾದುದು ತಮಗೆ ಸಲ್ಲದೆಂದು ಹೇಳಿ, ಅದನ್ನು ಇದ್ದಲ್ಲಿಗೇ ಹಾಕಿಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಪ್ರಸಂಗದಲ್ಲಿ ಕಳವಿಲ್ಲ, ವಂಚನೆಯಿಲ್ಲ. ಅಕ್ಕಿಯು ನೆಲಕ್ಕೆ ಬಿದ್ದದ್ದು. ಯಾರೂ ಅದನ್ನು ಕೇಳುವವರಿರಲಿಲ್ಲ. ತಂದದ್ದು ಸ್ವಂತ ಭೋಗಕ್ಕೂ ಅಲ್ಲ, ದಾಸೋಹಕ್ಕೆ. ಆದರೂ ಅದು ತಪ್ಪೆಂದು ಲಕ್ಕಮ್ಮನಿಗೆ ತೋರಿತು. ಅಧಿಕಾರದಲ್ಲಿರುವವನ ಪ್ರಾಮಾಣಿಕತೆಯು ಸಡಿಲುವುದು ಹೀಗೆಯೇ. ಅವನು ಮೊದಲ ದಿನವೇ ಖಜಾನೆಗೆ ಕನ್ನವಿಕ್ಕುವುದಿಲ್ಲ. ಯಾರಿಗೂ ಸೇರದೆ ಬಿದ್ದಿರುವುದನ್ನು, ಕೇಳುವವರಿಲ್ಲದುದನ್ನು, ಒಳ್ಳೆಯ ಕಾರ್ಯಕ್ಕೆಂಬ ನೆವದಿಂದ ಒಂದು ಹಿಡಿ ಹೆಚ್ಚಾಗಿ ಎತ್ತಿಕೊಳ್ಳುತ್ತಾನೆ. ಕಚೇರಿಯ ಕಾಗದ ಮನೆಗೆ ಬರುತ್ತದೆ. ಕಚೇರಿಯ ಜವಾನನು ಮನೆಯ ಸಂತೆ ಮಾಡುತ್ತಾನೆ. ಕಚೇರಿಯ ವಾಹನವು ಮದುವೆಗೆ ಹೋಗುತ್ತದೆ. ಲಕ್ಕಮ್ಮನು ತಡೆದದ್ದು ಆ ಮೊದಲ ಹಿಡಿಯನ್ನು. ಮತ್ತು ಮಾರಯ್ಯನು ವಾದಮಾಡದೆ ಅಕ್ಕಿಯನ್ನು ಹಿಂದಕ್ಕೆ ಕೊಂಡೊಯ್ದನು. ತಿದ್ದಿದವಳಿಗೆ ಎಷ್ಟು ಹಿರಿಮೆಯೋ ತಿದ್ದಿಸಿಕೊಂಡವನಿಗೂ ಅಷ್ಟೇ ಹಿರಿಮೆ.

ಈ ಅಳತೆಯ ಅರಿವು ಹಳೆಯ ಕಾಲದೊಂದಿಗೆ ಮುಗಿದುಹೋಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ಸಮೀಪದ ಖಡಕವಾಸಲಾ ಜಲಾಶಯಕ್ಕಾಗಿ ತಾವೇ ತೆರೆದುಕೊಳ್ಳುವ ಬಾಗಿಲುಗಳನ್ನು ರಚಿಸಿದರು. 1903ರಲ್ಲಿ ಅವು ಅಲ್ಲಿ ಕೂಡಿಸಲ್ಪಟ್ಟವು. ಆ ರಚನೆಗೆ ಪೇಟೆಂಟು ದೊರೆತಿದ್ದರೂ, ಸರಕಾರದ ಉದ್ಯೋಗದಲ್ಲಿದ್ದು ಮಾಡಿದ ಕೆಲಸಕ್ಕೆ ಬೇರೆ ಗೌರವಧನವನ್ನು ಅವರು ತೆಗೆದುಕೊಳ್ಳಲಿಲ್ಲ. ತರುವಾಯ 1923ರಿಂದ 1929ರ ವರೆಗೆ ಭದ್ರಾವತಿಯ ಕಬ್ಬಿಣದ ಕಾರಖಾನೆಯ ಮಂಡಲಿಗೆ ಅಧ್ಯಕ್ಷರಾಗಿದ್ದಾಗ ತಮಗೆ ಸಲ್ಲಬೇಕಾಗಿದ್ದ, ಲಕ್ಷ ರೂಪಾಯಿಗಳನ್ನು ಮೀರಿದ ಹಣವನ್ನು ಬಾಲಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ತಮ್ಮ ಹೆಸರನ್ನಿಡಲು ಒಪ್ಪದೆ ಜಯಚಾಮರಾಜೇಂದ್ರರ ಹೆಸರನ್ನು ಇಡಿಸಿದರು. ಸಲ್ಲದುದನ್ನು ಬಿಡುವುದು ಪ್ರಾಮಾಣಿಕತೆ. ಸಲ್ಲುವುದನ್ನೂ ಅಳೆದು ನೋಡುವುದು ಅದಕ್ಕಿಂತ ಮುಂದಿನ ಮೆಟ್ಟಿಲು.

ಎರಡನೆಯ ಮಾತು ಸಾಮರ್ಥ್ಯದ ನೆರಳಿನದು. ಪ್ರತಿಯೊಬ್ಬ ಸಮರ್ಥನಲ್ಲಿಯೂ ಅವನ ಗುಣದ ಬೆನ್ನಿಗೆ ಒಂದು ದೋಷವು ಅಂಟಿಕೊಂಡಿರುತ್ತದೆ. ಚುರುಕಾದವನಿಗೆ ತಾಳ್ಮೆ ಕಡಿಮೆ. ಲೆಕ್ಕದಲ್ಲಿ ನಿಷ್ಠುರನಾದವನು ಮಾತಿನಲ್ಲಿಯೂ ನಿಷ್ಠುರನಾಗುತ್ತಾನೆ. ಎಲ್ಲರಿಗೂ ಬೇಕಾದವನು ಯಾರಿಗೂ ಇಲ್ಲವೆನ್ನಲಾರನು. ಹೆಚ್ಚು ದುಡಿಯುವವನು ಇತರರೆಲ್ಲ ಸೋಮಾರಿಗಳೆಂದು ಬಗೆಯುತ್ತಾನೆ. ಆದುದರಿಂದ ಗುಣವನ್ನು ಬೆಳೆಸುವುದೆಂದರೆ ಅದರ ನೆರಳನ್ನೂ ಅರಿತುಕೊಳ್ಳುವುದೆಂದೇ ಅರ್ಥ.

ಸೊನ್ನಲಿಗೆಯ, ಎಂದರೆ ಈಗಿನ ಸೊಲ್ಲಾಪುರದ, ಸಿದ್ಧರಾಮನ ಚರಿತ್ರೆಯಲ್ಲಿ ಇದು ಎದ್ದುಕಾಣುತ್ತದೆ. ಅವನು ಬಹು ಜನರನ್ನು ಕೂಡಿಸಿ ಕೆರೆಯನ್ನು ಕಟ್ಟಿಸಿದ ಕರ್ಮಯೋಗಿ. ದೊಡ್ಡ ಕೆಲಸದ ನಿಜವಾದ ಮುಖಂಡ. ಶೂನ್ಯಸಂಪಾದನೆಯಲ್ಲಿ ಬರುವಂತೆ, ಅಲ್ಲಮಪ್ರಭುವು ಕೆಲಸ ನಡೆಯುತ್ತಿದ್ದ ಸ್ಥಳಕ್ಕೆ ಬಂದು ಸಿದ್ಧರಾಮನನ್ನು ಹಗುರಾದ ಮಾತಿನಿಂದ ಕೂಗಿದನು. ತಮ್ಮ ಒಡೆಯನನ್ನು ಹಳಿದನೆಂದು ಕೆಲಸಗಾರರು ಕೋಪಗೊಂಡು ಆ ಜಂಗಮನ ಮೇಲೆ ಕಲ್ಲುಗಳನ್ನೆಸೆದರು. ಸಿದ್ಧರಾಮನೂ ಸಿಟ್ಟಿನಿಂದಲೇ ಬಂದನು. ಆ ಸಿಟ್ಟೇ ಅವನಿಗೆ ಪಾಠವಾಯಿತು. ಲೋಕಕ್ಕೆ ನೀರು ಕೊಡಲು ಹೊರಟವನ ಎದೆಯಲ್ಲಿ "ಇದನ್ನು ಮಾಡಿಸುವವನು ನಾನು" ಎಂಬ ಬೆಂಕಿಯು ಉಳಿದಿತ್ತೆಂಬುದು ಪ್ರಭುವಿನ ಮಾತಿನಿಂದ ಬಯಲಾಯಿತು. ಕೆರೆಯು ಒಳ್ಳೆಯದೇ, ದುಡಿಮೆಯು ಒಳ್ಳೆಯದೇ, ಆದರೆ ಹಿರಿಯನ ಅಹಂಕಾರವು ಕೆಲಸಗಾರರ ಕೈಯಲ್ಲಿ ಕಲ್ಲಾಗಿ ಬಂದಿತು. ಯಜಮಾನನ ಮನಸ್ಸಿನಲ್ಲಿರುವುದನ್ನು ಆಳುಗಳು ಅವನು ಹೇಳದೆಯೇ ಕಲಿಯುತ್ತಾರೆ. ಕಚೇರಿಯ ಬಾಗಿಲಲ್ಲಿ ಜವಾನನು ಬಡವನೊಬ್ಬನನ್ನು ಗದರಿಸುತ್ತಿದ್ದರೆ ಆ ಧ್ವನಿಯನ್ನು ಅವನು ಒಳಗಿನ ಕೊಠಡಿಯಿಂದ ಕಲಿತಿರಲಿಕ್ಕೂ ಸಾಕು.

ಸಿದ್ಧರಾಮನ ದೊಡ್ಡಸ್ತಿಕೆಯು ಮುಂದಿನದರಲ್ಲಿದೆ. ತನ್ನ ಕೆಲಸದ ಸ್ಥಳದಲ್ಲಿ, ತನ್ನ ಜನರೆದುರಿನಲ್ಲಿಯೇ ತನ್ನ ಕೊರತೆಯನ್ನು ತೋರಿಸಿದವನನ್ನು ಅವನು ವೈರಿಯೆಂದು ತಿಳಿಯಲಿಲ್ಲ; ಅವನೊಡನೆ ಕಲ್ಯಾಣಕ್ಕೆ ಹೊರಟನು.

ಮೂರನೆಯ ಮಾತು ಲೆಕ್ಕದ್ದು. ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಕಾಯಕವನ್ನಾರಂಭಿಸಿ, ಕಲಚುರಿ ಬಿಜ್ಜಳನ ಭಂಡಾರದ ಹೊಣೆಗೆ ಏರಿದವರು. ಅವರು ರಾಜನ ಹಣವನ್ನು ಜಂಗಮದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದರೆಂದೂ, ಭಂಡಾರವನ್ನು ತೆರೆಯಿಸಿ ಎಣಿಸಲಾಗಿ ಹಣವು ಒಂದಿಷ್ಟೂ ಕುಂದದೆ ಇದ್ದಿತೆಂದೂ ಬಸವಪುರಾಣದ ಪರಂಪರೆಯು ಹೇಳುತ್ತದೆ. ಪುರಾಣಕಾರರು ಇದನ್ನು ಪವಾಡವಾಗಿ ವರ್ಣಿಸಿದ್ದಾರೆ. ಉದ್ಯೋಗದಲ್ಲಿರುವವನು ಇದರಿಂದ ಕಲಿಯತಕ್ಕದ್ದು ಇನ್ನೂ ಒಂದಿದೆ. ಆರೋಪವು ಬಂದಾಗ ಭಂಡಾರಿಯು "ನನ್ನ ಮೇಲೆ ಸಂಶಯವೇ?" ಎಂದು ಮುನಿಯಲಿಲ್ಲ, ಬಾಗಿಲನ್ನು ತೆರೆದನು. ಲೆಕ್ಕವನ್ನು ಕೇಳಿದೊಡನೆ ಸಿಡಿಮಿಡಿಗೊಳ್ಳುವ ಪ್ರಾಮಾಣಿಕನು ಅಪ್ರಾಮಾಣಿಕನಿಗೆ ದಾರಿಯನ್ನು ಹಾಕಿಕೊಡುತ್ತಾನೆ. ಏತಕ್ಕೆಂದರೆ, ಅವನ ತರುವಾಯ ಆ ಪೀಠಕ್ಕೆ ಬಂದ ಕಳ್ಳನೂ ಅದೇ ಮುನಿಸನ್ನು ಮರೆಯಾಗಿ ಹಿಡಿಯಬಲ್ಲನು.

ಇದೇ ತತ್ತ್ವವನ್ನು ನಮ್ಮ ನಾಡಿನ ಒಂದು ಹಳ್ಳಿಯೂ ಆಚರಿಸಿ ತೋರಿಸಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಹುಟ್ಟಿದ ಮರುವರ್ಷ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಂಘವು ಸ್ಥಾಪಿತವಾಯಿತು. ಸಹಕಾರಿ ಸಂಘದಲ್ಲಿ ಮುಖಂಡನು ನೆರೆಹೊರೆಯವರ ಹಣಕ್ಕೆ ಹೊಣೆಗಾರ. ಸದಸ್ಯನು ಎಷ್ಟೇ ಬಡವನಾದರೂ ಸಭೆಯಲ್ಲಿ ಎದ್ದುನಿಂತು ಲೆಕ್ಕವನ್ನು ಕೇಳಬಹುದು. ಗೌಡನೆಂಬ ಗೌರವವು ಒಂದು ಕಡೆ, ಲೆಕ್ಕದ ಪುಸ್ತಕವು ಒಂದು ಕಡೆ. ಇವೆರಡನ್ನೂ ಬೆರೆಸದೆ ಇದ್ದ ಸಂಘಗಳು ಬಾಳುತ್ತವೆ, ಬೆರೆಸಿದವು ಕೆಡುತ್ತವೆ.

ನಾಲ್ಕನೆಯ ಮಾತು ಪೀಠದ್ದು. ಕಲ್ಯಾಣದ ಅನುಭವಮಂಟಪವನ್ನು ಕಟ್ಟಿಬೆಳೆಸಿದವರು ಬಸವಣ್ಣನವರು. ಮಂತ್ರಿಪದವಿಯೂ ಅವರದೇ, ಮಹಾಮನೆಯೂ ಅವರದೇ. ಆದರೂ ಅಲ್ಲಿಯ ಶೂನ್ಯಸಿಂಹಾಸನದಲ್ಲಿ ಅವರು ಕುಳಿತುಕೊಳ್ಳಲಿಲ್ಲ, ಅಲ್ಲಮಪ್ರಭುವನ್ನು ಕುಳ್ಳಿರಿಸಿದರು. ತಾನು ಕಟ್ಟಿದ ಮನೆಯಲ್ಲಿಯೇ ತನಗಿಂತ ಮೇಲೊಂದು ಮಾತಿಗೆ ಎಡೆಯನ್ನಿಡುವುದು ಸಾಮಾನ್ಯವಾದ ತ್ಯಾಗವಲ್ಲ. ಪ್ರಭುದೇವನು ಸಿದ್ಧರಾಮನೊಡನೆ ಬಾಗಿಲಿಗೆ ಬಂದ ದಿನ ಬಸವಣ್ಣನವರು ಲಿಂಗಪೂಜೆಯಲ್ಲಿ ತೊಡಗಿದ್ದು ಒಡನೆ ಎದುರುಗೊಳ್ಳಲಿಲ್ಲ. ಆಗ ಅವರ ತಪ್ಪನ್ನು ಎತ್ತಿ ಹೇಳಿದವನು ವಯಸ್ಸಿನಲ್ಲಿ ಕಿರಿಯನಾದ, ಸೋದರಳಿಯನಾದ ಚೆನ್ನಬಸವಣ್ಣನು. ಮಾವನಾದವರು ಅಳಿಯನ ಮಾತಿಗೆ ತಲೆಬಾಗಿ ಹೊರಗೆ ಬಂದರು. ಅರಸನ ಮಂತ್ರಿಯನ್ನು ಒಬ್ಬ ಎಳೆಯನು ತಿದ್ದಬಹುದಾಗಿದ್ದ ಮನೆಯದು. ಅದರ ಬಲವು ಅಲ್ಲಿಯೇ ಇದ್ದಿತು.

ಇಲ್ಲಿ ಒಂದು ಶಂಕೆಯು ಹುಟ್ಟುವುದು ಸಹಜ. ಕೆಳಗಿನವರೆಲ್ಲ ಹಿರಿಯನನ್ನು ತಿದ್ದತೊಡಗಿದರೆ ಶಿಸ್ತು ಉಳಿಯುವುದೆ? ಉಳಿಯುವುದು. ಏಕೆಂದರೆ ತಿದ್ದುವುದು ಬೇರೆ, ಆಳುವುದು ಬೇರೆ. ನಿರ್ಣಯದ ಹೊಣೆಯು ಹಿರಿಯನದೇ. ಅದನ್ನು ಹತ್ತು ಮಂದಿಯ ಮೇಲೆ ಹಂಚಿ ತಾನು ತಪ್ಪಿಸಿಕೊಳ್ಳುವುದು ಹೇಡಿತನ. ಆದರೆ ನಿರ್ಣಯಕ್ಕೆ ಮೊದಲು ಎಲ್ಲರ ಮಾತನ್ನು ಕೇಳುವುದೂ, ನಿರ್ಣಯವು ತಪ್ಪಾದಾಗ ತಪ್ಪಾಯಿತೆಂದು ಎಲ್ಲರೆದುರಿಗೆ ಹೇಳುವುದೂ ಅವನ ಧರ್ಮ. ಸಿಬ್ಬಂದಿಯ ತಪ್ಪನ್ನು ಕೊಠಡಿಯೊಳಗೆ ಹೇಳಬೇಕು, ತನ್ನ ತಪ್ಪನ್ನು ಸಭೆಯಲ್ಲಿ ಹೇಳಬೇಕು. ಬಹು ಮಂದಿ ಇದನ್ನು ತಲೆಕೆಳಗಾಗಿ ನಡೆಸುತ್ತಾರೆ.

ಪ್ರಾಮಾಣಿಕನಾದ ಹಿರಿಯನಿಗೆ ಯಾವಾಗಲೂ ಲಾಭವೇ ಆಗುವುದೆಂದು ಹೇಳುವುದು ಮಾತ್ರ ಸುಳ್ಳಾದೀತು. ಹರಳಯ್ಯ ಮಧುವರಸರ ಮನೆಗಳ ಮದುವೆಯ ನಿಮಿತ್ತವಾಗಿ ಕಲ್ಯಾಣದಲ್ಲಿ ಕ್ಷೋಭೆಯೆದ್ದಾಗ ಬಸವಣ್ಣನವರು ಪದವಿಯನ್ನು ತೊರೆದು ಕೂಡಲಸಂಗಮದ ಕಡೆಗೆ ನಡೆದರು. ಬಿಜ್ಜಳನ ಆಳಿಕೆಯು 1167ರ ಸುಮಾರಿಗೆ ಕೊನೆಗೊಂಡಿತು. ಪದವಿಯು ಹೋಯಿತು, ಪಟ್ಟಣವು ಚೆದರಿತು. ಉಳಿದದ್ದು ಅವರ ನಡೆ. ಇಂದಿಗೂ ಸತ್ಯವನ್ನು ಹಿಡಿದ ಅಧಿಕಾರಿಗೆ ವರ್ಗಾವಣೆಯಾದೀತು, ಬಡ್ತಿಯು ತಪ್ಪೀತು, ಸ್ನೇಹಿತರು ದೂರವಾದಾರು. ಅದನ್ನು ಮೊದಲೇ ಅರಿತು ಸಿದ್ಧನಾಗಿರುವವನು ಮುರಿಯುವುದಿಲ್ಲ. ಪದವಿಯನ್ನು ಬಿಡಬಲ್ಲವನೇ ಪದವಿಯಲ್ಲಿ ನೆಟ್ಟಗೆ ನಿಲ್ಲಬಲ್ಲನು.

ಇವೆಲ್ಲವನ್ನೂ ನಿತ್ಯದಲ್ಲಿ ಸಾಧಿಸುವ ಬಗೆಯು ಕಠಿಣವಾದುದಲ್ಲ. ಹಿರಿಯನಾದವನು ಸಂಜೆ ಕೆಲಸದಿಂದೇಳುವಾಗ ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಲಿ. ಇಂದು ಅಳತೆಗೆ ಮೀರಿ ತಂದದ್ದೇನಾದರೂ ಉಂಟೆ? ಇಂದು ಯಾರ ಕೆಲಸದ ಕೀರ್ತಿಯನ್ನು ತನ್ನದೆಂದು ಹೇಳಿಕೊಂಡದ್ದುಂಟೆ? ಇಂದು ತನಗೆ ಅಹಿತವಾದ ಸತ್ಯವನ್ನು ಯಾರಾದರೂ ಬಂದು ಹೇಳಿದರೆ? ಮೊದಲಿನ ಎರಡಕ್ಕೆ ಇಲ್ಲವೆಂಬ ಉತ್ತರವು ಬಂದರೆ ಸಂತೋಷ. ಮೂರನೆಯದಕ್ಕೂ ಬಹು ದಿನಗಳಿಂದ ಇಲ್ಲವೆಂಬುದೇ ಉತ್ತರವಾಗಿದ್ದರೆ ಅದು ಸಂತೋಷದ ಸಂಗತಿಯಲ್ಲ. ತಪ್ಪುಗಳು ನಿಂತುಹೋಗಿವೆಯೆಂದು ಅದರ ಅರ್ಥವಲ್ಲ. ಹೇಳುವವರು ನಿಂತುಹೋಗಿದ್ದಾರೆಂದು ಅರ್ಥ. ಅಂಥ ದಿನ ಅವನು ತಾನಾಗಿಯೇ ಎದ್ದು, ತನ್ನ ಮನೆಯಲ್ಲಿಯೋ ಕಚೇರಿಯಲ್ಲಿಯೋ ಒಬ್ಬ ಲಕ್ಕಮ್ಮನನ್ನು ಹುಡುಕಿಕೊಳ್ಳಬೇಕು.

ಮಠದ ನೆರಳಿನಲ್ಲಿ ಓದಿ ಬೆಳೆದು ನಾಡಿನ ಕಚೇರಿ, ಶಾಲೆ, ಕಾರಖಾನೆಗಳಲ್ಲಿ ಹಿರಿಯರಾಗಿರುವ ಶಿಷ್ಯರು ಅಸಂಖ್ಯಾತರು. ಅವರ ಕೈಕೆಳಗೆ ದುಡಿಯುವ ಅತಿ ಕಿರಿಯನೂ ಅಂಜದೆ ಬಾಯಿ ತೆರೆಯುವಂತಾದರೆ, ಈ ಮಹೋತ್ಸವಕ್ಕೆ ಅದಕ್ಕಿಂತ ಹಿರಿದಾದ ಕಾಣಿಕೆಯು ಬೇರೊಂದಿಲ್ಲ.